ಸಾಮಾನ್ಯ ಜ್ಞಾನ: ಮುಂಬೈ, ಪುಣೆ, ಗೋವಾದ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯ ಕನ್ನಡ ಸಂಘಗಳಲ್ಲಿ ಭಾನುವಾರ ಕ್ವಿಜ್ ನಡೆಸುತ್ತೇನೆ. ಮುಗಿದ ಮೇಲೆ ಚಹಾ ಕುಡಿಯುತ್ತಾ ಕೆಲವರು ಕೇಳುತ್ತಾರೆ, ಕೆಲವರು ರಾತ್ರಿ ವಾಟ್ಸ್‌ಆ್ಯಪ್ ಮಾಡುತ್ತಾರೆ, ಪುಣೆ ಮತ್ತು ಗೋವಾದಿಂದ ಪತ್ರಗಳೂ ಬರುತ್ತವೆ. ಸುತ್ತಿ ಸುತ್ತಿ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದವು ಮೊದಲು ಇವೆ, ತಲೆ ಕೆರೆದುಕೊಳ್ಳಬೇಕಾದವು ಆಮೇಲೆ. ಸಾಧ್ಯವಾದಲ್ಲೆಲ್ಲ ಉತ್ತರದ ಜೊತೆ ಕಾರಣವನ್ನೂ ಹೇಳಿದ್ದೇನೆ. ಬರೀ ಇಸವಿ ಬಾಯಿಪಾಠ ಮಾಡಿದ ಮಕ್ಕಳು ಮುಂದಿನ ವಾರಕ್ಕೇ ಮರೆತಿರುತ್ತಾರೆ.

## ಶುರುವಿಗೆ

ಭಾರತದ ಮೊದಲ ರೈಲು ಬೋರಿಬಂದರ್‌ನಿಂದ ಠಾಣೆಗೆ ಹೋಗಿದ್ದು ತಾನೆ?

ಮೊದಲ ಪ್ರಯಾಣಿಕರ ರೈಲು ಅಂತ ಹೇಳಿ, ಆಗ ಉತ್ತರ ಪೂರ್ತಿ ಸರಿ. 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಠಾಣೆಗೆ, ಸುಮಾರು 34 ಕಿಲೋಮೀಟರ್ ಓಡಿತು. 14 ಡಬ್ಬಿ, ಸುಮಾರು 400 ಅತಿಥಿಗಳು. ಎಳೆದದ್ದು ಮೂರು ಎಂಜಿನ್: ಸಾಹಿಬ್, ಸಿಂಧ್, ಸುಲ್ತಾನ್.

ಆದರೆ ಹಳಿಯ ಮೇಲೆ ಗಾಡಿ ಓಡಿದ್ದು ಅದಕ್ಕೂ ಮೊದಲೇ. 1837ರಲ್ಲಿ ಮದ್ರಾಸಿನ ರೆಡ್ ಹಿಲ್ಸ್ ಹತ್ತಿರ ಕಲ್ಲು ಸಾಗಿಸಲು ಹಳಿ ಹಾಕಿದ್ದರು. ಆದ್ದರಿಂದ ಪ್ರಶ್ನೆಯಲ್ಲಿ ‘ಪ್ರಯಾಣಿಕರ’ ಅಂತ ಇದೆಯಾ ಇಲ್ಲವಾ ನೋಡಿಕೊಂಡು ಉತ್ತರ ಬರೆಯಿರಿ. ಇದೇ ಸಾಲಿನ ಇನ್ನೊಂದು ಪ್ರಶ್ನೆ, ಮೊದಲ ಕರೆಂಟ್ ರೈಲು ಯಾವುದು ಅಂತ. ಅದೂ ಮುಂಬೈಯದೇ: 1925ರ ಫೆಬ್ರವರಿ 3, ವಿಟಿಯಿಂದ ಕುರ್ಲಾಕ್ಕೆ, ಹಾರ್ಬರ್ ಲೈನಿನಲ್ಲಿ.

ಹಾಕಿ ನಮ್ಮ ರಾಷ್ಟ್ರೀಯ ಆಟ ಅಲ್ವಾ? ಶಾಲೆಯಲ್ಲಿ ಹಾಗೇ ಕಲಿತಿದ್ದೆವು.

ಅಲ್ಲ. ಸರ್ಕಾರ ಯಾವ ಆಟವನ್ನೂ ರಾಷ್ಟ್ರೀಯ ಆಟ ಅಂತ ಘೋಷಿಸಿಲ್ಲ. 2012ರಲ್ಲಿ ಮಾಹಿತಿ ಹಕ್ಕಿನಡಿ ಕೇಳಿದ ಪ್ರಶ್ನೆಗೆ ಕೇಂದ್ರ ಸರ್ಕಾರವೇ ಹೀಗೆ ಉತ್ತರ ಕೊಟ್ಟಿದೆ. ಹಾಕಿಗೆ ಆ ಹೆಸರು ಯಾಕೆ ಅಂಟಿತು ಅಂದರೆ, 1928ರಿಂದ 1980ರವರೆಗೆ ನಮ್ಮ ಗಂಡಸರ ತಂಡ ಒಲಿಂಪಿಕ್ಸ್‌ನಲ್ಲಿ ಎಂಟು ಚಿನ್ನ ಗೆದ್ದಿತ್ತು. ಆ ಅಭಿಮಾನ ಪಾಠದ ಪುಸ್ತಕಕ್ಕೆ ಹತ್ತಿಕೊಂಡಿತು.

ರಾಷ್ಟ್ರಭಾಷೆಯ ಪ್ರಶ್ನೆಯೂ ಇಂಥದ್ದೇ. ಸಂವಿಧಾನದ 343ನೇ ವಿಧಿ ಹಿಂದಿಯನ್ನು ಒಕ್ಕೂಟದ ಆಡಳಿತ ಭಾಷೆ ಅನ್ನುತ್ತದೆ. ರಾಷ್ಟ್ರಭಾಷೆ ಅಂತ ಯಾವ ಭಾಷೆಯನ್ನೂ ಸಂವಿಧಾನ ಹೆಸರಿಸಿಲ್ಲ. ಮುಂಬೈಯಂಥ ಊರಲ್ಲಿ ದಿನಾ ನಾಲ್ಕು ಭಾಷೆ ಆಡುವ ನಮ್ಮ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತಿರಬೇಕು.

ನೋಟಿನ ಮೇಲೆ ಎಷ್ಟು ಭಾಷೆ ಇದೆ? ಕನ್ನಡ ಎಲ್ಲಿದೆ?

ಒಂದು ನೂರರ ನೋಟು ಕೈಗೆ ತಗೊಳ್ಳಿ. ಹಿಂಬದಿಯ ಒಂದು ಪಕ್ಕದಲ್ಲಿ ಸಣ್ಣ ಅಕ್ಷರದ ಪಟ್ಟಿ ಇದೆ. ಅದರಲ್ಲಿ 15 ಭಾಷೆ. ನೋಟಿನಲ್ಲಿ ದೊಡ್ಡದಾಗಿ ಇರುವ ಹಿಂದಿ ಮತ್ತು ಇಂಗ್ಲಿಷ್ ಸೇರಿಸಿದರೆ 17. ಪಟ್ಟಿಯನ್ನು ಮೇಲಿಂದ ಎಣಿಸಿ: ಅಸ್ಸಾಮಿ, ಬಂಗಾಳಿ, ಗುಜರಾತಿ, ನಾಲ್ಕನೆಯದು ಕನ್ನಡ. ಆರನೆಯದು ಕೊಂಕಣಿ, ಎಂಟನೆಯದು ಮರಾಠಿ, ಕೊನೆಯದು ಉರ್ದು. ಭಾಷೆಗಳ ಹೆಸರನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿರುವುದರಿಂದ ಈ ಸಾಲು.

ತುಳು ಯಾಕಿಲ್ಲ ಅಂತ ಎಷ್ಟೋ ಮಂದಿ ಬೇಜಾರಿನಿಂದ ಕೇಳುತ್ತಾರೆ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಈಗ 22 ಭಾಷೆಗಳಿವೆ, ತುಳು ಇನ್ನೂ ಸೇರಿಲ್ಲ. ಕೊಂಕಣಿ ಸೇರಿದ್ದು 1992ರಲ್ಲಿ.

ನೋಟು ಕೈಯಲ್ಲಿರುವಾಗಲೇ ಇನ್ನೊಂದು ಸಂಗತಿ: ಒಂದು ರೂಪಾಯಿ ನೋಟಿಗೆ ಮಾತ್ರ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಇರುವುದಿಲ್ಲ. ಅದನ್ನು ಹೊರಡಿಸುವುದು ಭಾರತ ಸರ್ಕಾರ, ಹಾಗಾಗಿ ಹಣಕಾಸು ಕಾರ್ಯದರ್ಶಿಯ ಸಹಿ ಇರುತ್ತದೆ.

ರಾಜ್ಯಗಳು 29ಆ, 28ಆ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಈಗ 28 ರಾಜ್ಯ, 8 ಕೇಂದ್ರಾಡಳಿತ ಪ್ರದೇಶ. 2014ರಲ್ಲಿ ತೆಲಂಗಾಣ ಆದಾಗ 29 ಆಗಿತ್ತು. 2019ರ ಅಕ್ಟೋಬರ್ 31ರಂದು ಜಮ್ಮು ಮತ್ತು ಕಾಶ್ಮೀರ ಎರಡು ಕೇಂದ್ರಾಡಳಿತ ಪ್ರದೇಶವಾಯಿತು. 2020ರ ಜನವರಿ 26ರಂದು ದಮನ್-ದಿಯು ಹಾಗೂ ದಾದ್ರಾ-ನಗರ್ ಹವೇಲಿ ಒಂದಾದವು. ಹಳೆಯ ಗೈಡ್ ಪುಸ್ತಕ ಇಟ್ಟುಕೊಂಡು ಓದುವವರು ಇಲ್ಲೇ ಎಡವುತ್ತಾರೆ. ಕರ್ನಾಟಕದ ಜಿಲ್ಲೆಗಳೂ ಈಗ 31. ವಿಜಯನಗರ 2021ರಲ್ಲಿ ಸೇರಿತು.

ಇಂಗ್ಲೆಂಡ್ ರಾಜ ಗೇಟ್‌ವೇ ಆಫ್ ಇಂಡಿಯಾದ ಒಳಗಿಂದಲೇ ಬಂದನಾ?

ಇಲ್ಲ. ಐದನೇ ಜಾರ್ಜ್ ಮತ್ತು ರಾಣಿ ಮೇರಿ ಅಪೊಲೊ ಬಂದರಿನಲ್ಲಿ ಇಳಿದದ್ದು 1911ರ ಡಿಸೆಂಬರ್‌ನಲ್ಲಿ. ಆಗ ಅಲ್ಲಿ ಇದ್ದದ್ದು ರಟ್ಟಿನಿಂದ ಮಾಡಿದ ಒಂದು ಕಮಾನು. ಈಗಿನ ಕಲ್ಲಿನ ಕಮಾನಿನ ಶಂಕುಸ್ಥಾಪನೆ ಆದದ್ದೇ 1913ರ ಮಾರ್ಚ್ 31ರಂದು. ನಕ್ಷೆ ಜಾರ್ಜ್ ವಿಟೆಟ್ ಅವರದು. ಉದ್ಘಾಟನೆ 1924ರ ಡಿಸೆಂಬರ್ 4. ಬಂದವರ ನೆನಪಿಗೆ ಕಟ್ಟಿದ ಈ ಬಾಗಿಲಿನಿಂದಲೇ 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಸೈನಿಕ ತುಕಡಿ ಹೊರಟುಹೋಯಿತು. ಕ್ವಿಜ್‌ನಲ್ಲಿ ನಾನು ಈ ಕೊನೆಯ ತಾರೀಖನ್ನೇ ಜಾಸ್ತಿ ಕೇಳುತ್ತೇನೆ. ನಮಗೆ ಬೇಕಾದ ತಾರೀಖು ಅದು.

ಮುಂಬೈಯ ಏಳು ದ್ವೀಪ ಯಾವುವು? ಅಂಧೇರಿ, ಬೊರಿವಲಿ ಅದರಲ್ಲಿ ಬರುತ್ತಾ?

ಕೊಲಾಬಾ, ಚಿಕ್ಕ ಕೊಲಾಬಾ, ಬಾಂಬೆ, ಮಜಗಾಂವ್, ಪರೇಲ್, ವರ್ಲಿ, ಮಾಹಿಮ್. ಅಂಧೇರಿ, ಬೊರಿವಲಿ ಬರುವುದಿಲ್ಲ. ಅವು ಸಾಷ್ಟಿ ಅನ್ನುವ ಬೇರೆ ದೊಡ್ಡ ದ್ವೀಪದಲ್ಲಿವೆ. ಡೊಂಬಿವಲಿಯಂತೂ ಖಾಡಿಯ ಆಚೆ. 1661ರ ಮದುವೆ ಒಪ್ಪಂದದಲ್ಲಿ ಪೋರ್ಚುಗಲ್ ರಾಜಕುಮಾರಿ ಕ್ಯಾಥರೀನ್ ಜೊತೆ ಬಾಂಬೆ ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ ಹೋಯಿತು. 1668ರಲ್ಲಿ ಅದು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಯ ಕೈ ಸೇರಿತು.

ಎಲಿಫೆಂಟಾಕ್ಕೆ ಹೋದರೆ ಆನೆಯೇ ಕಾಣಲಿಲ್ಲ. ಎಲ್ಲಿ ಹೋಯ್ತು?

ಭಾಯಖಳಾದಲ್ಲಿದೆ. ಜೀಜಾಮಾತಾ ಉದ್ಯಾನದಲ್ಲಿ, ಭಾವು ದಾಜಿ ಲಾಡ್ ಮ್ಯೂಸಿಯಂ ಹೊರಗೆ. ಘಾರಾಪುರಿ ದ್ವೀಪದಲ್ಲಿ ಕಲ್ಲಿನ ಆನೆ ನೋಡಿ ಪೋರ್ಚುಗೀಸರು ಆ ಹೆಸರಿಟ್ಟರು. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಹೋಗಿ ಎತ್ತುವಾಗಲೇ ಮುರಿಯಿತು. 1914ರಲ್ಲಿ ತುಂಡುಗಳನ್ನು ಜೋಡಿಸಿದರು. ಮಕ್ಕಳನ್ನು ಪ್ರಾಣಿಸಂಗ್ರಹಾಲಯಕ್ಕೆ ಕರೆದುಕೊಂಡು ಹೋದಾಗ ಹತ್ತಿರ ನಿಂತು ಜೋಡಿಸಿದ ಗೆರೆಗಳನ್ನು ತೋರಿಸಿ.

ಚೀನಾದ ಗೋಡೆ ಚಂದ್ರನಿಂದ ಕಾಣುತ್ತೆ, ಜನಗಣಮನಕ್ಕೆ ಯುನೆಸ್ಕೋ ಮೊದಲ ಸ್ಥಾನ ಕೊಟ್ಟಿದೆ. ಎರಡೂ ನಿಜವಾ?

ಎರಡೂ ಸುಳ್ಳು. ಗೋಡೆ ಉದ್ದವಾಗಿದೆ, ಆದರೆ ಅಗಲ ತೀರಾ ಕಡಿಮೆ. ಚಂದ್ರ ಇರುವುದು ಸುಮಾರು 3,84,000 ಕಿಲೋಮೀಟರ್ ದೂರ. ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೈ 2003ರಲ್ಲಿ ಭೂಮಿಯ ಹತ್ತಿರವೇ ಸುತ್ತಿ ಬಂದು, ನನಗೆ ಗೋಡೆ ಕಾಣಲಿಲ್ಲ ಅಂತ ಹೇಳಿದರು. ಇನ್ನು ಯುನೆಸ್ಕೋ ರಾಷ್ಟ್ರಗೀತೆಗಳಿಗೆ ಸ್ಥಾನ ಕೊಡುವುದೇ ಇಲ್ಲ. ಜನಗಣಮನ ಮೊದಲು ಹಾಡಿದ್ದು 1911ರ ಡಿಸೆಂಬರ್ 27ರಂದು ಕಲ್ಕತ್ತಾದಲ್ಲಿ, ರಾಷ್ಟ್ರಗೀತೆಯಾಗಿ ಒಪ್ಪಿದ್ದು 1950ರ ಜನವರಿ 24ರಂದು. ಫಾರ್ವರ್ಡ್ ಮಾಡಲು ಇಷ್ಟು ನಿಜ ಸಾಕು.

## ಊರಿನ ನಂಟು

ನಮ್ಮಜ್ಜ ‘ಬಾಂಬೆ ಕರ್ನಾಟಕ’ ಅಂತಿದ್ದರು. ಅದೇನು?

ಅಜ್ಜ ಧಾರವಾಡ, ಬೆಳಗಾವಿ, ವಿಜಯಪುರ ಅಥವಾ ಕಾರವಾರದ ಕಡೆಯವರಿರಬೇಕು. ಬ್ರಿಟಿಷರ ಕಾಲದಲ್ಲಿ ಈ ಜಿಲ್ಲೆಗಳು ಬಾಂಬೆ ಪ್ರೆಸಿಡೆನ್ಸಿಯಲ್ಲಿದ್ದವು. ಉತ್ತರ ಕನ್ನಡ ಮೊದಲು ಮದ್ರಾಸಿಗೆ ಸೇರಿತ್ತು, 1862ರಲ್ಲಿ ಬಾಂಬೆಗೆ ಬಂತು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಕಲಬುರಗಿ, ಬೀದರ್, ರಾಯಚೂರು ಹೈದರಾಬಾದ್ ನಿಜಾಮರದ್ದು.

ಅಂದರೆ ಧಾರವಾಡದ ಹುಡುಗ ಕೆಲಸ ಹುಡುಕಿಕೊಂಡು ಮುಂಬೈಗೆ ಬಂದರೆ ತನ್ನದೇ ಪ್ರಾಂತ್ಯದ ರಾಜಧಾನಿಗೆ ಬಂದ ಹಾಗೆ. ಉಡುಪಿಯ ಹುಡುಗ ಬಂದರೆ ಬೇರೆ ಪ್ರಾಂತ್ಯಕ್ಕೆ ಬಂದ ಹಾಗೆ. ಇಲ್ಲಿನ ಹಳೆಯ ಕನ್ನಡ ಕುಟುಂಬಗಳ ಕಥೆ ಕೇಳುವಾಗ ಈ ವ್ಯತ್ಯಾಸ ನೆನಪಿರಲಿ. ಯಾರ ಕಚೇರಿ ಕಾಗದ ಎಲ್ಲಿತ್ತು, ಯಾರು ಯಾವ ಭಾಷೆಯಲ್ಲಿ ಪರೀಕ್ಷೆ ಬರೆದರು ಅನ್ನುವುದು ಇದರಿಂದ ಬಿಡಿಸಿಕೊಳ್ಳುತ್ತದೆ. 1956ರ ನವೆಂಬರ್ 1ರಂದು ಎಲ್ಲ ಸೇರಿ ಮೈಸೂರು ರಾಜ್ಯವಾಯಿತು. ಮಹಾರಾಷ್ಟ್ರ ಹುಟ್ಟಿದ್ದು 1960ರ ಮೇ 1ರಂದು, ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಅಜ್ಜನ ಆ ಸೀಮೆಗೆ ಕರ್ನಾಟಕ ಸರ್ಕಾರ 2021ರಲ್ಲಿ ಕಿತ್ತೂರು ಕರ್ನಾಟಕ ಅಂತ ಹೆಸರಿಟ್ಟಿದೆ.

ಕನ್ನಡದ ಜ್ಞಾನಪೀಠದವರಲ್ಲಿ ಈ ಕಡೆಯ ನಂಟು ಯಾರಿಗಿದೆ?

ಎಂಟು ಮಂದಿಯಲ್ಲಿ ಮೂವರದು ಗಟ್ಟಿ ನಂಟು. ಗಿರೀಶ್ ಕಾರ್ನಾಡ್ 1938ರಲ್ಲಿ ಹುಟ್ಟಿದ್ದು ಮಾಥೇರಾನ್‌ನಲ್ಲಿ. ನೇರಳದಿಂದ ಪುಟಾಣಿ ರೈಲು ಹತ್ತುತ್ತದಲ್ಲ, ಅದೇ ಗುಡ್ಡ. ಮುಂದೆ ಪುಣೆಯ ಚಲನಚಿತ್ರ ಸಂಸ್ಥೆಗೆ ನಿರ್ದೇಶಕರಾದರು. ದ.ರಾ. ಬೇಂದ್ರೆ ಬಿ.ಎ. ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, ಆಮೇಲೆ ಸೊಲ್ಲಾಪುರದಲ್ಲಿ ವರ್ಷಗಟ್ಟಲೆ ಕನ್ನಡ ಕಲಿಸಿದರು. ವಿ.ಕೃ. ಗೋಕಾಕರು ಅದೇ ಫರ್ಗ್ಯುಸನ್‌ನಲ್ಲಿ ಪಾಠ ಹೇಳಿದವರು. ಪ್ರಶಸ್ತಿಯ ವರ್ಷಗಳು: ಬೇಂದ್ರೆ 1973, ಗೋಕಾಕ್ 1990, ಕಾರ್ನಾಡ್ 1998.

ಗೋವಾದವರು ಕೇಳುವುದಕ್ಕೂ ಉತ್ತರ ಇಲ್ಲೇ. ಕೊಂಕಣಿಗೆ ಎರಡು ಜ್ಞಾನಪೀಠ ಬಂದಿದೆ. 2006ರದ್ದು ರವೀಂದ್ರ ಕೇಳೇಕರ್, 2022ರದ್ದು ದಾಮೋದರ ಮಾವಜೊ. ಇಬ್ಬರೂ ಗೋವಾದವರೇ.

ಪುಣೆಯ ಸವಾಯಿ ಗಂಧರ್ವ ಉತ್ಸವಕ್ಕೂ ಕುಂದಗೋಳಕ್ಕೂ ಏನು ಸಂಬಂಧ?

ಸವಾಯಿ ಗಂಧರ್ವರೇ ಕುಂದಗೋಳದವರು. ನಿಜ ಹೆಸರು ರಾಮಭಾವು ಕುಂದಗೋಳ್ಕರ್, ಅಬ್ದುಲ್ ಕರೀಂ ಖಾನ್ ಸಾಹೇಬರ ಶಿಷ್ಯ. ಅವರು 1952ರಲ್ಲಿ ತೀರಿಕೊಂಡರು. ಮರುವರ್ಷ ಅವರ ನೆನಪಿಗೆ ಪುಣೆಯಲ್ಲಿ ಉತ್ಸವ ಶುರುವಾಯಿತು. ಅದನ್ನು ದಶಕಗಳ ಕಾಲ ಹೊತ್ತು ನಡೆಸಿದವರು ಶಿಷ್ಯ ಭೀಮಸೇನ ಜೋಶಿ. ಅವರು ಈಗಿನ ಗದಗ ಜಿಲ್ಲೆಯವರು, 1922ರಲ್ಲಿ ಹುಟ್ಟಿದವರು, ಸಂಗೀತದ ಹುಚ್ಚಿನಲ್ಲಿ 11ನೇ ವಯಸ್ಸಿಗೇ ಮನೆ ಬಿಟ್ಟವರು. 2008ರಲ್ಲಿ ಭಾರತರತ್ನ ಸಿಕ್ಕಿತು, 2011ರಲ್ಲಿ ಪುಣೆಯಲ್ಲೇ ತೀರಿಕೊಂಡರು. ಗಂಗೂಬಾಯಿ ಹಾನಗಲ್ ಅವರೂ ಇದೇ ಗುರುವಿನ ಶಿಷ್ಯೆ. ಪುಣೆಯ ಕನ್ನಡಿಗರು ಡಿಸೆಂಬರ್‌ನಲ್ಲಿ ಆ ಮಂಟಪದಲ್ಲಿ ಕೂತಾಗ ಮನೆಯವರ ಕಛೇರಿ ಕೇಳಿದಷ್ಟು ಹೆಮ್ಮೆ ಪಡಬಹುದು.

ಗೋವಾದ ಸರ್ಕಾರಿ ಬಸ್ಸಿಗೆ ಕದಂಬ ಅಂತ ಯಾಕೆ ಹೆಸರು? ಕದಂಬರು ಬನವಾಸಿಯವರಲ್ವಾ?

ಬನವಾಸಿಯವರೇ. ಮಯೂರಶರ್ಮ ನಾಲ್ಕನೇ ಶತಮಾನದಲ್ಲಿ ಕಟ್ಟಿದ ಮನೆತನ. ಅದರ ಹೆಸರು ಹೇಳಿಕೊಂಡ ಕವಲುಗಳಲ್ಲಿ ಒಂದು ಗೋವಾ ಕದಂಬರು. 10ನೇ ಶತಮಾನದಿಂದ 14ನೇ ಶತಮಾನದವರೆಗೆ ಆಳಿದರು, ಹೆಚ್ಚು ಕಾಲ ಕಲ್ಯಾಣದ ಚಾಲುಕ್ಯರ ಸಾಮಂತರು. ಮೊದಲು ಚಂದೋರ್ ರಾಜಧಾನಿ, ಆಮೇಲೆ ಗೋಪಕಪಟ್ಟಣ. ಅವರ ಕಾಲದ್ದು ಅಂತ ಈಗ ಪೂರ್ತಿಯಾಗಿ ನಿಂತಿರುವ ದೇವಸ್ಥಾನ ತಾಂಬ್ಡಿ ಸುರ್ಲದ ಮಹಾದೇವ. ಗಟ್ಟಿ ಕರಿಕಲ್ಲಿನ ಗುಡಿ, ಕಾಡಿನ ನಡುವೆ ಇದೆ. ಗೋವಾಕ್ಕೆ ಹೋದವರು ಬೀಚ್ ನೋಡಿ ಬರುತ್ತಾರೆ, ಇದನ್ನು ಬಿಡುತ್ತಾರೆ. ದಯವಿಟ್ಟು ಅರ್ಧ ದಿನ ಎತ್ತಿಡಿ.

ಯುಗಾದಿಯೂ ಗುಡಿಪಾಡ್ವಾನೂ ಒಂದೇ ದಿನ. ಬಿಸು ಮಾತ್ರ ಯಾಕೆ ಬೇರೆ?

ಯುಗಾದಿ, ಗುಡಿಪಾಡ್ವಾ ಎರಡೂ ಚೈತ್ರ ಶುದ್ಧ ಪಾಡ್ಯ. ಚಂದ್ರನ ಲೆಕ್ಕ. ಹಾಗಾಗಿ ತಾರೀಖು ಪ್ರತಿವರ್ಷ ಹಿಂದೆಮುಂದೆ ಆಗುತ್ತದೆ. ತುಳುನಾಡಿನ ಬಿಸು ಸೂರ್ಯನ ಲೆಕ್ಕ. ಸೂರ್ಯ ಮೇಷಕ್ಕೆ ಬಂದಾಗ, ಅಂದರೆ ಏಪ್ರಿಲ್ 14 ಅಥವಾ 15. ಎರಡು ಕಡೆಯೂ ಎಣಿಸುವ ಶಾಲಿವಾಹನ ಶಕೆ ಬೇಕಾದರೆ ಯುಗಾದಿಯ ನಂತರ ಇಸವಿಯಿಂದ 78 ಕಳೆಯಿರಿ.

ಪಕ್ಕದ ಮನೆ ಉತ್ತರ ಪ್ರದೇಶದವರ ಶ್ರಾವಣ ನಮಗಿಂತ 15 ದಿನ ಮೊದಲೇ ಶುರುವಾಗುತ್ತೆ. ಯಾರ ಪಂಚಾಂಗ ಸರಿ ಅಕ್ಕಾ?

ಇಬ್ಬರದೂ ಸರಿ. ಒಂದೇ ಚಾಳಿನಲ್ಲಿ, ಒಂದೇ ಸೊಸೈಟಿಯಲ್ಲಿ ನಾಲ್ಕು ರಾಜ್ಯದವರು ಇರುವ ನಮ್ಮ ಊರಿನಲ್ಲಿ ಈ ಪ್ರಶ್ನೆ ಪ್ರತಿವರ್ಷ ಏಳುತ್ತದೆ.

ಕರ್ನಾಟಕ, ಮಹಾರಾಷ್ಟ್ರ, ಗೋವಾ, ಗುಜರಾತ್, ಆಂಧ್ರದಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ. ಉತ್ತರದ ಹೆಚ್ಚಿನ ಕಡೆ ಹುಣ್ಣಿಮೆಗೆ ಮುಗಿಯುತ್ತದೆ. ಶುಕ್ಲಪಕ್ಷದ ಹೆಸರು ಎರಡೂ ಕಡೆ ಒಂದೇ. ಕೃಷ್ಣಪಕ್ಷದ ಹೆಸರು ಮಾತ್ರ ಬೇರೆ. ಗುರುಪೂರ್ಣಿಮೆ ಮುಗಿದ ಮರುದಿನ ಅವರಿಗೆ ಶ್ರಾವಣ ಬಂತು. ನಮಗೆ ಇನ್ನೂ ಆಷಾಢ ಬಹುಳ, ಭೀಮನ ಅಮಾವಾಸ್ಯೆ ದಾಟಬೇಕು. ಆದ್ದರಿಂದ ಅವರ ಮೊದಲ ಶ್ರಾವಣ ಸೋಮವಾರ ನಮ್ಮದಕ್ಕಿಂತ ಮೊದಲು ಬರುತ್ತದೆ, ಬೇಗ ಮುಗಿಯುತ್ತದೆ ಕೂಡ.

ಹಬ್ಬದ ದಿನ ಮಾತ್ರ ಬದಲಾಗುವುದಿಲ್ಲ. ನೋಡಿ, ಕೃಷ್ಣಾಷ್ಟಮಿ ನಮಗೆ ಶ್ರಾವಣ ಬಹುಳ ಅಷ್ಟಮಿ, ಅವರಿಗೆ ಭಾದ್ರಪದದ ಅಷ್ಟಮಿ. ತಿಥಿ ಒಂದೇ. ಶಿವರಾತ್ರಿ ನಮಗೆ ಮಾಘದಲ್ಲಿ, ಅವರಿಗೆ ಫಾಲ್ಗುಣದಲ್ಲಿ, ಆದರೂ ಜಾಗರಣೆ ಒಂದೇ ರಾತ್ರಿ.

## ಮಳೆ, ನೀರು, ಕಲ್ಲು

ಪುಣೆಯ ಮುಠಾ ನದಿ ಯಾವ ಸಮುದ್ರ ಸೇರುತ್ತೆ? ಅರಬ್ಬಿ ಹತ್ತಿರ ಇದೆಯಲ್ಲ?

ಬಂಗಾಳ ಕೊಲ್ಲಿ ಸೇರುತ್ತದೆ. ಪುಣೆಯ ಸಂಗಮದಲ್ಲಿ ಮುಳಾ ಮತ್ತು ಮುಠಾ ಕೂಡುತ್ತವೆ. ಮುಂದೆ ಪುಣೆ ಜಿಲ್ಲೆಯಲ್ಲೇ ಭೀಮೆಗೆ ಸೇರುತ್ತವೆ. ಭೀಮೆ ಉಜನಿ ಅಣೆಕಟ್ಟು ದಾಟಿ ಪಂಢರಪುರದಲ್ಲಿ ಚಂದ್ರಭಾಗೆಯಾಗಿ ಬಳುಕಿ, ಕರ್ನಾಟಕಕ್ಕೆ ಬಂದು, ಗಾಣಗಾಪುರದ ದತ್ತನ ಪಕ್ಕ ಹರಿದು ರಾಯಚೂರು ಹತ್ತಿರ ಕೃಷ್ಣೆಗೆ ಸೇರುತ್ತದೆ. ಭೀಮಾಶಂಕರದಿಂದ ಅಲ್ಲಿಯವರೆಗೆ 861 ಕಿಲೋಮೀಟರ್. ಕೃಷ್ಣೆಯ ಜೊತೆ ಆಂಧ್ರ ದಾಟಿ ಸಮುದ್ರ. ಪುಣೆಯಲ್ಲಿ ಬಿದ್ದ ಮಳೆ ಕಲಬುರಗಿಯ ಹೊಲಕ್ಕೆ ನೀರಾಗುತ್ತದೆ ಅನ್ನುವುದನ್ನು ನಕ್ಷೆ ಹರಡಿಕೊಂಡು ಬೆರಳಿಟ್ಟು ನೋಡಿದರೆ ಖುಷಿಯಾಗುತ್ತದೆ.

ಯಾಕೆ ಹೀಗೆ? ಸಹ್ಯಾದ್ರಿ ಪಶ್ಚಿಮಕ್ಕೆ ಗೋಡೆಯಂತೆ ಕಡಿದಾಗಿದೆ, ಅದರ ಆಚೆಯ ಪ್ರಸ್ಥಭೂಮಿ ಪೂರ್ವಕ್ಕೆ ನಿಧಾನವಾಗಿ ಇಳಿಜಾರಾಗಿದೆ. ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆಗೆ ಅರಬ್ಬಿ ಸಮುದ್ರ ಸುಮಾರು 64 ಕಿಲೋಮೀಟರ್ ಅಷ್ಟೇ. ಆದರೂ ಅವಳು ಹೊರಡುವುದು ಸುಮಾರು 1,400 ಕಿಲೋಮೀಟರ್ ದಾರಿಗೆ. ಕರ್ನಾಟಕದಲ್ಲಿ ಹುಟ್ಟುವ ಮಹದಾಯಿಯದು ಉಲ್ಟಾ ದಾರಿ. ಅದು ಘಟ್ಟ ಇಳಿದು ಗೋವಾದ ಮಾಂಡವಿಯಾಗಿ ಅರಬ್ಬಿ ಸೇರುತ್ತದೆ.

944 ಮಿಲಿಮೀಟರ್ ಮಳೆ ಅಂತಾರಲ್ಲ 2005ರಲ್ಲಿ, ಅದನ್ನು ಹೇಗೆ ಊಹಿಸಿಕೊಳ್ಳೋದು?

ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು. ಹತ್ತಕ್ಕೆ ಹತ್ತು ಅಡಿಯ ಒಂದು ಖೋಲಿಯ ಛಾವಣಿ ಲೆಕ್ಕ ಹಾಕಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ ಬಿದ್ದ ಮಳೆಗೆ ಅಷ್ಟು ಜಾಗದ ಮೇಲೆ 8,700 ಲೀಟರಿಗೂ ಜಾಸ್ತಿ ನೀರು ಸುರಿದಿತ್ತು. ಸೊಸೈಟಿಗೆ ಬರುವ ಒಂದು ನೀರಿನ ಟ್ಯಾಂಕರ್ ಹತ್ತಿರ ಹತ್ತಿರ, ಒಂದೊಂದು ಖೋಲಿಯ ಮೇಲೂ ಸುರಿದ ಹಾಗೆ.

ಇನ್ನೂ ಆಶ್ಚರ್ಯ ಏನು ಗೊತ್ತಾ? ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 74 ಮಿಲಿಮೀಟರ್. ಆ ದಿನ ಆಫೀಸಿನಿಂದ ನಡೆದು ಮನೆ ಸೇರಿದವರು, ಸೇರಲಾಗದವರು, ನಮ್ಮ ಸಂಘಗಳಲ್ಲಿ ಇನ್ನೂ ಅದರ ಮಾತಾಡುತ್ತಾರೆ. ‘ದಕ್ಷಿಣ ಮುಂಬೈಯಲ್ಲಿ ಏನೂ ಗೊತ್ತಾಗಲಿಲ್ಲ’ ಅನ್ನುವವರೂ ನಿಜವನ್ನೇ ಹೇಳುತ್ತಿದ್ದಾರೆ.

ಭರತದ ಹೊತ್ತು ದಿನಾ ಯಾಕೆ ಬದಲಾಗುತ್ತೆ? ಹಾಜಿ ಅಲಿ ದಾರಿ ಒಮ್ಮೆ ತೆರೆದಿರುತ್ತೆ, ಒಮ್ಮೆ ಮುಳುಗಿರುತ್ತೆ.

ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ದಿನಕ್ಕೆ ಎರಡು ಆಗುವುದರಿಂದ ಮರುದಿನ ಸುಮಾರು 50 ನಿಮಿಷ ತಡ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರನೂ ತನ್ನ ದಾರಿಯಲ್ಲಿ ಮುಂದೆ ಹೋಗಿರುತ್ತಾನೆ, ಅವನನ್ನು ಹಿಡಿಯಲು ಆ ಹೆಚ್ಚಿನ ಹೊತ್ತು ಬೇಕು. ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಗೆ ಬಂದು ನೀರು ಜಾಸ್ತಿ ಏರುತ್ತದೆ. ಮಳೆಗಾಲದಲ್ಲಿ ನಾಲ್ಕೂವರೆ ಮೀಟರ್ ದಾಟುವ ಭರತದ ದಿನಗಳನ್ನು ಪಾಲಿಕೆ ಮೊದಲೇ ತಿಳಿಸುತ್ತದೆ. ಆ ಹೊತ್ತಿಗೆ ಜೋರು ಮಳೆಯೂ ಬಂದರೆ ನಾಲೆಯ ನೀರಿಗೆ ಸಮುದ್ರಕ್ಕೆ ಇಳಿಯಲು ಜಾಗ ಇರುವುದಿಲ್ಲ.

ಅಂಧೇರಿಯ ಗಿಲ್ಬರ್ಟ್ ಹಿಲ್, ಮಲ್ಪೆಯ ಸೇಂಟ್ ಮೇರೀಸ್ ದ್ವೀಪ. ಎರಡೂ ಕಡೆ ಒಂದೇ ಥರ ಕಂಬದ ಕಲ್ಲು. ಒಂದೇ ಜ್ವಾಲಾಮುಖಿಯದ್ದಾ?

ಉಡುಪಿ ಕಡೆಯವರು ಯಾರೋ ಒಬ್ಬರು ಖಂಡಿತ ಕೇಳುವ, ನನಗೆ ತುಂಬಾ ಇಷ್ಟದ ಪ್ರಶ್ನೆ. ಅಂಧೇರಿ ಪಶ್ಚಿಮದಲ್ಲಿ ಕಟ್ಟಡಗಳ ನಡುವೆ ಸುಮಾರು 60 ಮೀಟರ್ ಎತ್ತರಕ್ಕೆ ಎದ್ದು ನಿಂತ ಕಪ್ಪು ಬಂಡೆ ಗಿಲ್ಬರ್ಟ್ ಹಿಲ್. ಮೇಲೆ ಗಾಂವದೇವಿ ಗುಡಿ. ಬದಿಯಿಂದ ನೋಡಿದರೆ ಉದ್ದುದ್ದ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತೆ ಕಾಣುತ್ತದೆ.

ಎರಡೂ ಕಡೆ ಆದದ್ದು ಒಂದೇ ಕೆಲಸ. ಕರಗಿದ ಕಲ್ಲು ನಿಧಾನವಾಗಿ ಆರುತ್ತಾ ಕುಗ್ಗುತ್ತದೆ, ಕುಗ್ಗುವಾಗ ಐದು, ಆರು ಮೂಲೆಯ ಬಿರುಕು ಬಿಡುತ್ತದೆ, ಬಿರುಕು ಕೆಳಗೆ ಇಳಿಯುತ್ತಾ ಕಂಬವಾಗುತ್ತದೆ. ಆದರೆ ಕಾಲ ಬೇರೆ, ಕಾರಣ ಬೇರೆ. ಅಂಧೇರಿಯದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ ತುಂಬ ಲಾವಾ ಹರಿದ ಕಾಲದ್ದು. ಎಲಿಫೆಂಟಾ, ಕಾನ್ಹೇರಿ, ಅಜಂತಾ, ಎಲ್ಲೋರಾ ಎಲ್ಲ ಕೊರೆದದ್ದು ಆ ಲಾವಾದ ಕಲ್ಲಿನಲ್ಲೇ. ಡೈನೋಸಾರ್‌ಗಳು ಅಳಿದದ್ದೂ ಆ ಕಾಲದಲ್ಲೇ. ಮಲ್ಪೆಯದ್ದು ಅದಕ್ಕೂ ಹಳೆಯದು, ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ಭಾರತದಿಂದ ಬೇರೆಯಾಗಿ ದೂರ ಸರಿದ ಹೊತ್ತಿನ ಲಾವಾ.

ಲೋಣಾರ್ ಕೆರೆ ಗುಲಾಬಿ ಬಣ್ಣಕ್ಕೆ ತಿರುಗಿತ್ತಲ್ಲ, ಯಾಕೆ?

2020ರ ಜೂನ್‌ನಲ್ಲಿ. ಬುಲ್ಡಾಣಾ ಜಿಲ್ಲೆಯ ಈ ಕೆರೆ ಉಲ್ಕೆ ಬಿದ್ದು ಆದ ಗುಳಿ, ಸುಮಾರು 1.8 ಕಿಲೋಮೀಟರ್ ಅಗಲ. ಬೇಸಿಗೆಯಲ್ಲಿ ನೀರು ಕಡಿಮೆಯಾಗಿ ಉಪ್ಪು ಗಟ್ಟಿಯಾದಾಗ ಉಪ್ಪಿನಲ್ಲೇ ಬದುಕುವ ಹ್ಯಾಲೋಆರ್ಕಿಯಾ ಅನ್ನುವ ಸೂಕ್ಷ್ಮಜೀವಿಗಳು ಹೆಚ್ಚಿದವು, ಬಣ್ಣ ಅವುಗಳದ್ದು. ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆ ನೀರನ್ನು ಪರೀಕ್ಷಿಸಿ ಹೇಳಿತು.

ಪೋರ್ಚುಗೀಸರು ಬರೋ ಮೊದಲು ನಮ್ಮ ಸಾರಿಗೆ ಮೆಣಸಿನಕಾಯಿ ಇರಲೇ ಇಲ್ವಾ?

ಇರಲಿಲ್ಲ. ಖಾರಕ್ಕೆ ಕಾಳುಮೆಣಸು, ಶುಂಠಿ, ಹಿಪ್ಪಲಿ. ಮೆಣಸಿನಕಾಯಿ ಅಮೆರಿಕ ಖಂಡದ್ದು. ಆಲ್ಬುಕರ್ಕ್ 1510ರಲ್ಲಿ ವಿಜಯಪುರದ ಆದಿಲ್‌ಶಾಹಿಗಳಿಂದ ಗೋವಾ ಕಿತ್ತುಕೊಂಡ ಮೇಲೆ ಪೋರ್ಚುಗೀಸ್ ಹಡಗುಗಳ ಜೊತೆ ಈ ಕರಾವಳಿಗೆ ಬಂತು. ಗೇರು, ಅನಾನಸು, ಪಪ್ಪಾಯಿ, ಪೇರಲೆ, ಬಟಾಟೆ ಕೂಡ ಆ ಕಡೆಯವೇ. ಬ್ಯಾಡಗಿ ಮೆಣಸಿನಕಾಯಿ, ಗೋವಾದ ಗೇರು, ಮುಂಬೈಯ ಬಟಾಟೆ ವಡಾ, ಇವೆಲ್ಲ ಈ ಐದು ಶತಮಾನದ ಒಳಗಿನ ಕಥೆ.

## ಸ್ವಲ್ಪ ಜಾಸ್ತಿ ಯೋಚಿಸಬೇಕಾದವು

‘ಬಾಂಬೆ ಟೈಮ್’ ಅಂತ ಬೇರೆ ಗಡಿಯಾರ ಇತ್ತಂತೆ ಹೌದಾ?

ಹೌದು. 1906ರ ಜನವರಿ 1ರಿಂದ ಭಾರತದ ಸಮಯ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ ಅಂತ ಆಯಿತು. ಬಾಂಬೆ ಒಪ್ಪಲಿಲ್ಲ. ಇಲ್ಲಿನ ಗಡಿಯಾರ 4 ಗಂಟೆ 51 ನಿಮಿಷ ಮುಂದೆ, ಅಂದರೆ ದೇಶದ ಸಮಯಕ್ಕಿಂತ 39 ನಿಮಿಷ ಹಿಂದೆ. 1955ರವರೆಗೂ ಊರಲ್ಲಿ ಎರಡೂ ನಡೆದವು.

39 ಎಲ್ಲಿಂದ ಬಂತು ಅಂತ ನೀವೇ ಲೆಕ್ಕ ಮಾಡಬಹುದು. ಭಾರತದ ಸಮಯದ ಗೆರೆ 82.5 ಡಿಗ್ರಿ ಪೂರ್ವ ರೇಖಾಂಶ, ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ಮುಂಬೈ 72.8 ಡಿಗ್ರಿಯಲ್ಲಿದೆ. ವ್ಯತ್ಯಾಸ 9.7. ಒಂದು ಡಿಗ್ರಿಗೆ ಭೂಮಿ 4 ನಿಮಿಷ ತಿರುಗುತ್ತದೆ. ಗುಣಿಸಿದರೆ ಸುಮಾರು 39. ಕೋಲ್ಕತ್ತಾದ ನೆಂಟರು ‘ಇಲ್ಲಿ ಕತ್ತಲಾಯ್ತು’ ಅಂತ ಫೋನ್ ಮಾಡಿದಾಗ ನಮಗೆ ಇನ್ನೂ ಬಿಸಿಲಿರುವುದು ಇದೇ ಕಾರಣಕ್ಕೆ. ಅವರಿಗೂ ನಮಗೂ ಹೆಚ್ಚುಕಡಿಮೆ ಒಂದು ಗಂಟೆಯ ಸೂರ್ಯನ ವ್ಯತ್ಯಾಸ.

ನೆರಳೇ ಬೀಳದ ದಿನ ಮುಂಬೈಗೆ ಯಾವಾಗ? ಊರಲ್ಲಿ ಏಪ್ರಿಲ್‌ನಲ್ಲೇ ಆಯ್ತು ಅಂದ್ರು.

ಮುಂಬೈಗೆ ಮೇ ಮಧ್ಯದಲ್ಲಿ ಒಮ್ಮೆ, ಜುಲೈ ಕೊನೆಯಲ್ಲಿ ಇನ್ನೊಮ್ಮೆ. ಮಂಗಳೂರು, ಬೆಂಗಳೂರು ಇನ್ನೂ ದಕ್ಷಿಣಕ್ಕಿವೆ, ಸೂರ್ಯ ಉತ್ತರಕ್ಕೆ ಸರಿಯುವಾಗ ಅವಕ್ಕೆ ಏಪ್ರಿಲ್ 24ರ ಸುಮಾರಿಗೇ ನೆತ್ತಿಯ ಮೇಲೆ ಬರುತ್ತಾನೆ. ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿರುವ ದೆಹಲಿಗೆ ಈ ದಿನ ಬರುವುದೇ ಇಲ್ಲ. ಜುಲೈಯಲ್ಲಿ ಇಲ್ಲಿ ಮೋಡ, ಹಾಗಾಗಿ ಮೇ ತಿಂಗಳಲ್ಲೇ ನೋಡಿ. ಟೆರೇಸಿನಲ್ಲಿ ಒಂದು ನೀರಿನ ಬಾಟಲಿ ನೆಟ್ಟಗೆ ನಿಲ್ಲಿಸಿ. 12 ಗಂಟೆಗೆ ಹೋದರೆ ನೆರಳು ಇನ್ನೂ ಪಶ್ಚಿಮಕ್ಕೆ ಚಾಚಿರುತ್ತದೆ. 12 ಗಂಟೆ 35 ನಿಮಿಷದ ಹೊತ್ತಿಗೆ ಬುಡದೊಳಗೆ ಸೇರಿಕೊಳ್ಳುತ್ತದೆ.

ಲೋಕಲ್ ರೈಲಿನ ತಂತಿ ಮೇಲೆ ಕಾಗೆ ಕೂರುತ್ತೆ, ಏನೂ ಆಗಲ್ಲ. ಮನುಷ್ಯ ಮುಟ್ಟಿದ್ರೆ ಸಾಯ್ತಾನೆ. ಯಾಕೆ?

ಕರೆಂಟ್ ಹರಿಯಲು ಎರಡು ಜಾಗದ ನಡುವೆ ವೋಲ್ಟೇಜ್ ವ್ಯತ್ಯಾಸ ಬೇಕು. ಕಾಗೆಯ ಎರಡೂ ಕಾಲು ಒಂದೇ ತಂತಿಯ ಮೇಲಿದೆ, ವ್ಯತ್ಯಾಸ ಇಲ್ಲ. ರೈಲಿನ ಛಾವಣಿ ಹಳಿಯ ಮೂಲಕ ನೆಲಕ್ಕೆ ಸೇರಿದೆ. ಅದರ ಮೇಲೆ ನಿಂತವನ ಒಂದು ಕಡೆ ನೆಲ, ಇನ್ನೊಂದು ಕಡೆ 25,000 ವೋಲ್ಟ್. ಮುಟ್ಟುವುದೂ ಬೇಡ, ಹತ್ತಿರ ಹೋದರೆ ಸಾಕು, ಗಾಳಿಯನ್ನು ಸೀಳಿಕೊಂಡು ಕಿಡಿ ಹಾರುತ್ತದೆ. ಮುಂಬೈ ಲೋಕಲ್‌ನಲ್ಲಿ ಮೊದಲು ಇದ್ದದ್ದು 1,500 ವೋಲ್ಟ್ ಡಿಸಿ. ಹಳಬರ ‘ನಾವೂ ಟಪ್ಪಿನ ಮೇಲೆ ಕೂತು ಹೋಗಿದ್ದೆವು’ ಅನ್ನುವ ಮಾತನ್ನು ಮಕ್ಕಳ ಎದುರು ದಯವಿಟ್ಟು ಹೇಳಬೇಡಿ. ಆಗಲೂ ಅದು ಜೀವ ತೆಗೆಯುತ್ತಿತ್ತು, ಈಗಂತೂ ಹತ್ತಿರ ಹೋಗುವ ಹಾಗೇ ಇಲ್ಲ.

ಮಹಾಬಳೇಶ್ವರದಲ್ಲಿ ಪಾತ್ರೆಯಲ್ಲಿ ಬೇಳೆ ಬೇಯಲಿಕ್ಕೆ ಅಷ್ಟು ಹೊತ್ತು ಯಾಕೆ?

ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. ಮುಂಬೈಯಲ್ಲಿ 100 ಡಿಗ್ರಿ, ಬೆಂಗಳೂರಲ್ಲಿ ಸುಮಾರು 97, ಮಹಾಬಳೇಶ್ವರದಲ್ಲಿ ಸುಮಾರು 95. ಕುದಿಯುವುದು ಕಾಣುತ್ತದೆ, ಆದರೆ ಬಿಸಿ ಸಾಲದು. ಕುಕ್ಕರ್ ಒಳಗೆ ಒತ್ತಡ ಏರಿ ನೀರು 120 ಡಿಗ್ರಿ ಹತ್ತಿರ ಹೋಗುತ್ತದೆ, ಅದಕ್ಕೇ ಬೇಗ ಬೇಯುವುದು.

ನಾರಾಯಣಗಾಂವ್ ಹತ್ತಿರದ ದೊಡ್ಡ ದೊಡ್ಡ ಡಿಶ್‌ಗಳು ಏನು ಮಾಡುತ್ತವೆ? ಅಲ್ಲೇ ಯಾಕೆ ಇಟ್ಟರು?

ಅದು ಜಿಎಂಆರ್‌ಟಿ, ರೇಡಿಯೋ ದೂರದರ್ಶಕ. ಪುಣೆಯಿಂದ ಸುಮಾರು 80 ಕಿಲೋಮೀಟರ್ ಉತ್ತರಕ್ಕೆ, ಖೋಡದ್ ಹಳ್ಳಿಯಲ್ಲಿದೆ. ಒಂದೊಂದು 45 ಮೀಟರ್ ಅಗಲದ 30 ಡಿಶ್‌ಗಳು. 14 ನಡುವೆ ಒಟ್ಟಿಗೆ, ಉಳಿದ 16 ಮೂರು ತೋಳುಗಳಲ್ಲಿ ದೂರ ದೂರ. ಎಲ್ಲವೂ ಕೂಡಿ ಸುಮಾರು 25 ಕಿಲೋಮೀಟರ್ ಅಗಲದ ಒಂದೇ ದೂರದರ್ಶಕದ ಹಾಗೆ ಕೆಲಸ ಮಾಡುತ್ತವೆ. ಇದನ್ನು ಕಟ್ಟಿದ ತಂಡದ ಮುಖ್ಯಸ್ಥರು ಗೋವಿಂದ ಸ್ವರೂಪ್.

ಇವು ಹಿಡಿಯುವುದು ಬೆಳಕನ್ನಲ್ಲ, ಆಕಾಶದಿಂದ ಬರುವ ಉದ್ದ ಅಲೆಯ ರೇಡಿಯೋ ಸಂಕೇತವನ್ನು. ಹಾಗಾಗಿ ಹಗಲಲ್ಲೂ ಕೆಲಸ ನಡೆಯುತ್ತದೆ, ಮೋಡ ಇದ್ದರೂ ನಡೆಯುತ್ತದೆ. ಉದ್ದ ಅಲೆಗೆ ನುಣ್ಣನೆಯ ಕನ್ನಡಿ ಬೇಕಿಲ್ಲ, ಆದ್ದರಿಂದ ಡಿಶ್‌ಗೆ ತೆಳು ತಂತಿಯ ಬಲೆ ಸಾಕಾಯಿತು. ಗಾಳಿ ಅದರೊಳಗೆ ತೂರಿಹೋಗುತ್ತದೆ, ಕಬ್ಬಿಣ ಉಳಿಯಿತು, ಖರ್ಚು ಉಳಿಯಿತು. ಕೆಳಗೆ ನಿಂತು ತಲೆ ಎತ್ತಿದರೆ ಬಲೆಯ ಮೂಲಕ ಆಕಾಶ ಕಾಣುತ್ತದೆ.

ಜಾಗದ ಪ್ರಶ್ನೆಗೆ ಉತ್ತರ: ಆ ಸಂಕೇತಗಳು ತುಂಬಾ ಕ್ಷೀಣ. ಮೊಬೈಲ್, ಟಿವಿ ಟವರ್, ಗಾಡಿ ಎಂಜಿನ್ನಿನ ಕಿಡಿ, ಎಲ್ಲವೂ ಅವನ್ನು ಮುಚ್ಚಿಬಿಡುತ್ತವೆ. ದೊಡ್ಡ ಊರಿನಿಂದ ದೂರ, ಸುತ್ತ ಗುಡ್ಡದ ಮರೆ ಇರುವ ಜಾಗ ಬೇಕಿತ್ತು. ಜೊತೆಗೆ ಪುಣೆಯಿಂದ ಒಂದೇ ದಿನದಲ್ಲಿ ಹೋಗಿ ಬರುವಂತೆಯೂ ಇರಬೇಕಿತ್ತು. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಅಲ್ಲಿ ಸಾರ್ವಜನಿಕರಿಗೆ ಪ್ರವೇಶ ಇರುತ್ತದೆ, ಸುತ್ತಲಿನ ಶಾಲೆಗಳ ಮಕ್ಕಳು ಮಾದರಿ ಮಾಡಿಕೊಂಡು ಬರುತ್ತಾರೆ. ಮುಂಬೈಯಿಂದ ಹೊರಡುವುದಾದರೆ ಬೆಳಗ್ಗೆ ಬೇಗ ಬಿಡಿ. ಅಲ್ಲಿ ಮೊಬೈಲ್ ಆಫ್ ಮಾಡಿ ಅಂದಾಗ ಕಾರಣ ಮಕ್ಕಳ ಕೈಲೇ ಹೇಳಿಸಿ.